ವಿಶೇಷಣಗಳು ಹೋಗಲಿ, ದಾಖಲೆ ಉಳಿಯಲಿ

ನಮಸ್ಕಾರ.

ಆಸ್ಟ್ರೇಲಿಯಾದ ರಾಜಕಾರಣವನ್ನು ಕುರಿತು ನೀವು ಮೆಲ್ಬರ್ನ್‌ನಿಂದ ಕಳಿಸಿದ ವಿಡಂಬನ ಲೇಖನವನ್ನು ಸಂಪಾದಕೀಯ ಬಳಗದವರೆಲ್ಲ ಓದಿದ್ದೇವೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. 2,400 ಪದಗಳಲ್ಲಿ ಉಳಿಸಿಕೊಳ್ಳಬೇಕಾದ್ದು ಸುಮಾರು 900. ಆ 900 ಪದಗಳು ನಿಜಕ್ಕೂ ಚೆನ್ನಾಗಿವೆ, ಅದಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇವೆ.

ಮೊದಲ ಮೂರು ಪ್ಯಾರಾಗಳನ್ನು ಪೂರ್ತಿ ತೆಗೆದು, ಏಳನೆಯ ಪ್ಯಾರಾದಿಂದ ಲೇಖನ ಶುರುಮಾಡಿ. ಅಲ್ಲಿ ನೀವು ಹೇಳಿರುವುದು ಇಷ್ಟೇ: 2014ರ ನವೆಂಬರಿನಲ್ಲಿ ಸಂಸತ್ತಿನ ಸ್ಪೀಕರ್ ಬ್ರಾನ್ವಿನ್ ಬಿಷಪ್ ಮೆಲ್ಬರ್ನ್‌ನಿಂದ ಜೀಲಾಂಗ್ ಕಡೆಗೆ, ಪಕ್ಷಕ್ಕೆ ಹಣ ಕೂಡಿಸುವ ಕಾರ್ಯಕ್ರಮವೊಂದಕ್ಕೆ, ಬಾಡಿಗೆ ಹೆಲಿಕಾಪ್ಟರಿನಲ್ಲಿ ಹೋದರು. 5,227 ಡಾಲರ್ ಬಿಲ್ಲು ಸರ್ಕಾರಕ್ಕೆ ಬಂತು. ಕಾರಿನಲ್ಲಾದರೆ ಅದು ಒಂದು ಗಂಟೆ ಚಿಲ್ಲರೆಯ ದಾರಿ. 2015ರ ಆಗಸ್ಟ್‌ನಲ್ಲಿ ಅವರು ಹುದ್ದೆ ಬಿಟ್ಟರು. ನಾಲ್ಕು ವಾಕ್ಯ, ಒಂದೂ ಬೈಗುಳವಿಲ್ಲ. ಓದುಗರು ತಾವೇ ನಗುತ್ತಾರೆ, ತಾವೇ ಸಿಟ್ಟಾಗುತ್ತಾರೆ. ಆಮೇಲೆ ಐದನೆಯ ವಾಕ್ಯದಲ್ಲಿ ನೀವು ‘ಇಂಥ ನಾಚಿಕೆಗೆಟ್ಟ ದುಂದಿಗೆ ಎಣೆಯುಂಟೇ?’ ಎಂದು ಕೇಳಿ, ಓದುಗರ ಪಾಲಿನ ಸಿಟ್ಟನ್ನು ಅವರ ಕೈಯಿಂದ ಕಿತ್ತುಕೊಂಡಿದ್ದೀರಿ. ಅದನ್ನು ಅಳಿಸಿ. ಬದಲಿಗೆ ಪ್ಯಾರಾದ ತಲೆಯಲ್ಲಿ ಒಂದು ಸಂಗತಿ ಸೇರಿಸಿ. ಅದೇ ಸರ್ಕಾರದಲ್ಲಿ ಖಜಾನೆ ಸಚಿವರಾಗಿದ್ದ ಜೋ ಹಾಕಿ, 2012ರಲ್ಲಿ ಇನ್ನೂ ವಿರೋಧ ಪಕ್ಷದಲ್ಲಿದ್ದಾಗ ಲಂಡನ್ನಿನಲ್ಲಿ ಭಾಷಣ ಮಾಡಿ, ಎಲ್ಲವನ್ನೂ ಸರ್ಕಾರದಿಂದ ಹಕ್ಕೆಂದು ಪಡೆಯುವ ಕಾಲ ಮುಗಿಯಿತು ಎಂದಿದ್ದರು. ಭಾಷಣ ಮೊದಲು, ಬಿಲ್ಲು ಆಮೇಲೆ. ನಡುವೆ ‘ವಿಪರ್ಯಾಸವೆಂದರೆ’ ಎಂಬ ಮಾತು ಬೇಡ.

ನಾಲ್ಕರಿಂದ ಆರನೆಯ ಪ್ಯಾರಾದವರೆಗೆ ಪಾಲೀನ್ ಹ್ಯಾನ್ಸನ್ ಅವರ ದನಿ, ಜೂಲಿಯಾ ಗಿಲಾರ್ಡ್ ಅವರ ಮೂಗು ಮತ್ತು ಉಡುಪು, ಬಾರ್ನಬಿ ಜಾಯ್ಸ್ ಅವರ ಕೆಂಪು ಮುಖ ಇವೆ. ಇವಿಷ್ಟೂ ಹೋಗಬೇಕು. ಸಭ್ಯತೆಯ ಪ್ರಶ್ನೆ ಒಂದು ಕಡೆ ಇರಲಿ, ಕಸುಬಿನ ದೃಷ್ಟಿಯಿಂದಲೇ ಇದು ನಷ್ಟ. ವಿಡಂಬನಕಾರರಾದ ಜಾನ್ ಕ್ಲಾರ್ಕ್ ಮತ್ತು ಬ್ರಯಾನ್ ಡಾ ಜೋಡಿಯ ಟಿವಿ ಅಣಕು ಸಂದರ್ಶನಗಳನ್ನು ನೋಡಿ. 1989ರಲ್ಲಿ ನೈನ್ ವಾಹಿನಿಯಲ್ಲಿ ಆರಂಭವಾಗಿ, ಮುಂದೆ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಗೆ ಬಂದು, 2017ರ ಏಪ್ರಿಲ್‌ನಲ್ಲಿ ಕ್ಲಾರ್ಕ್ ತೀರಿಕೊಳ್ಳುವವರೆಗೆ ಆ ಸಂದರ್ಶನಗಳು ನಡೆದವು. ಕ್ಲಾರ್ಕ್ ಯಾವ ಪ್ರಧಾನಿಯಾದರೂ ಆಗುತ್ತಿದ್ದರು, ಆದರೆ ವಿಗ್ ಇಲ್ಲ, ಮೇಕಪ್ ಇಲ್ಲ, ದನಿಯ ಅನುಕರಣೆ ಇಲ್ಲ. ತಮ್ಮದೇ ಮುಖ, ತಮ್ಮದೇ ದನಿ. ಮುಖದ ಅಣಕ ಆ ವ್ಯಕ್ತಿ ಅಧಿಕಾರದಿಂದ ಇಳಿದ ದಿನವೇ ಹಳಸುತ್ತದೆ. ಕ್ಲಾರ್ಕ್ ಹಿಡಿಯುತ್ತಿದ್ದದ್ದು ಅಧಿಕಾರದ ತರ್ಕವನ್ನು, ಅದು ಮುಂದಿನ ಸಚಿವರಿಗೂ ಸರಿಹೊಂದುತ್ತದೆ.

1991ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಾಚೆ ಕಿರ್ಕಿ ಎಂಬ ತೈಲ ಹಡಗಿನ ಮೂತಿಯೇ ಮುರಿದು ಬಿದ್ದು, ಸಾವಿರಾರು ಟನ್ ಕಚ್ಚಾ ತೈಲ ಸಮುದ್ರಕ್ಕೆ ಸೇರಿತು. ಅವರಿಬ್ಬರ ಸಂದರ್ಶನದಲ್ಲಿ ಆಗಿನ ಸಚಿವ, ಸೆನೆಟರ್ ಬಾಬ್ ಕಾಲಿನ್ಸ್ ಆಗಿ ಕೂತ ಕ್ಲಾರ್ಕ್, ಇಂಥ ಹಡಗುಗಳು ಸಾಮಾನ್ಯವಾಗಿ ಸುರಕ್ಷಿತವೆಂದು ಜನ ತಿಳಿಯಬೇಕು ಎಂಬ ಒಂದೇ ಹಟದಿಂದ ಹೊರಡುತ್ತಾರೆ. ಮುರಿದ ಹಡಗನ್ನು ಪರಿಸರದ ಆಚೆಗೆ ಎಳೆದುಬಿಟ್ಟಿದ್ದೇವೆ ಎನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಏನಿದೆ ಎಂದು ಡಾ ಸುಮ್ಮನೆ ಕೇಳುತ್ತಾ ಹೋಗುತ್ತಾರೆ. ಇಷ್ಟೇ ಯಂತ್ರ. ಸಚಿವ ಯಾವುದನ್ನೂ ಒಪ್ಪಿಕೊಳ್ಳುವುದಿಲ್ಲ, ಪ್ರತಿ ಉತ್ತರವೂ ಹಿಂದಿನದಕ್ಕಿಂತ ಒಂದೇ ಒಂದು ಹೆಜ್ಜೆ ಮುಂದೆ, ಭಾಷೆ ಮಾತ್ರ ಪತ್ರಿಕಾ ಪ್ರಕಟಣೆಯದು. ಸಂದರ್ಶಕ ಒಂದು ಸಲವೂ ಜೋಕು ಹೇಳುವುದಿಲ್ಲ.

ನಿಮ್ಮ ಒಂಬತ್ತನೆಯ ಪ್ಯಾರಾದ ಸಂವಾದ ಕೆಟ್ಟಿರುವುದು ಇಲ್ಲಿಯೇ. ನಿಮ್ಮ ವರದಿಗಾರನೂ ಸಚಿವನಷ್ಟೇ ಚಾಲಾಕಿ. ಇಬ್ಬರೂ ಚಟಾಕಿ ಹಾರಿಸತೊಡಗಿದರೆ ಓದುಗನ ಜಾಗದಲ್ಲಿ ನಿಂತು ಕೇಳುವವರು ಯಾರೂ ಉಳಿಯುವುದಿಲ್ಲ. ಪ್ರಶ್ನೆ ಐದಾರು ಪದ ಮೀರದಿರಲಿ.

ಈ ವಿಧಾನಕ್ಕೆ ಹೇಳಿ ಮಾಡಿಸಿದ ವಸ್ತು ನಿಮ್ಮ ಲೇಖನದಲ್ಲೇ ಇದೆ: ಭತ್ಯೆ ಪಡೆದವರ ಮೇಲೆ ಸಾಲ ಹೊರಿಸಿದ ಸರ್ಕಾರದ ಸ್ವಯಂಚಾಲಿತ ಯೋಜನೆ, ರೋಬೊಡೆಟ್. ನೀವು ಅದನ್ನು ‘ಕಂಪ್ಯೂಟರ್ ರಾಕ್ಷಸ’ ಎಂದು ಕರೆದು ಮುಂದೆ ಹೋಗಿದ್ದೀರಿ, ಅದು ಕೆಲಸ ಮಾಡಿದ ಬಗೆಯನ್ನೇ ಬಿಟ್ಟಿದ್ದೀರಿ. ನಿರುದ್ಯೋಗ ಭತ್ಯೆ ಪಡೆದವರ ಇಡೀ ವರ್ಷದ ಸಂಬಳವನ್ನು ತೆರಿಗೆ ಇಲಾಖೆಯಿಂದ ತರಿಸಿ, 26 ಪಾಕ್ಷಿಕಗಳಿಗೆ ಸಮನಾಗಿ ಹಂಚಿ, ಅವರು ಆಯಾ ಪಾಕ್ಷಿಕಕ್ಕೆ ಕೊಟ್ಟಿದ್ದ ಲೆಕ್ಕದೊಂದಿಗೆ ಹೋಲಿಸಲಾಯಿತು. ಅಲ್ಲಿ ಆರ್ಥಿಕ ವರ್ಷ ಜುಲೈಗೆ ಶುರು. ಒಬ್ಬ ವಿದ್ಯಾರ್ಥಿ ಜನವರಿಯಿಂದ ಜೂನ್‌ವರೆಗೆ ದುಡಿದು 26,000 ಡಾಲರ್ ಗಳಿಸಿದ, ಅದಕ್ಕೂ ಮುಂಚಿನ ಆರು ತಿಂಗಳು ಭತ್ಯೆಯಲ್ಲಿದ್ದ ಎಂದುಕೊಳ್ಳಿ. ಈ ಲೆಕ್ಕದಲ್ಲಿ ಅವನು ವರ್ಷವಿಡೀ ಪ್ರತಿ ಪಾಕ್ಷಿಕ 1,000 ಡಾಲರ್ ದುಡಿದವನಾಗುತ್ತಾನೆ. ಭತ್ಯೆ ಪಡೆದದ್ದು ಸಾಲವಾಗುತ್ತದೆ. ಸಾಲವಲ್ಲವೆಂದು ರುಜುವಾತು ಮಾಡುವ ಹೊಣೆ ಅವನ ಮೇಲೆ. ಈಗ ಸಂವಾದ ತಾನಾಗಿ ಬರುತ್ತದೆ:

— ಜುಲೈನಲ್ಲಿ ಆ ಹುಡುಗನಿಗೆ ಕೆಲಸ ಇರಲಿಲ್ಲ.
— ಸರಾಸರಿಯಲ್ಲಿ ಇತ್ತು.
— ಸಂಬಳ ಯಾರು ಕೊಟ್ಟರು?
— ಜನವರಿಯಲ್ಲಿ ಕೊಟ್ಟವರೇ.
— ಜುಲೈನಲ್ಲೇ?
— ದಾಖಲೆ ಇಲ್ಲವೆಂದು ಅವನು ತೋರಿಸಲಿ.

ಹೀಗೆ ಹತ್ತು ಹನ್ನೆರಡು ಸಾಲು ಸಾಕು. ಬರೆದ ಮೇಲೆ ಇಬ್ಬರು ಕೂತು ಗಟ್ಟಿಯಾಗಿ ಓದಿ; ಎರಡೂವರೆ ನಿಮಿಷ ದಾಟಿದರೆ ನಡುವಿನಿಂದ ಕತ್ತರಿಸಿ, ಕೊನೆಯಿಂದಲ್ಲ.

ಇದೇ ಭಾಗದಲ್ಲಿ ಭತ್ಯೆ ಪಡೆಯುವವರನ್ನು ನೀವು ‘ಸೋಫಾ ಬಿಟ್ಟೇಳದವರು’ ಎಂದು ಚುಚ್ಚಿದ್ದೀರಿ. ಇದನ್ನು ನಾವು ಯಾವ ಕಾರಣಕ್ಕೂ ಅಚ್ಚು ಮಾಡುವುದಿಲ್ಲ. ನೋಟಿಸು ಬಂದ ಮೇಲೆ ಜೀವ ಕಳೆದುಕೊಂಡ ಮಕ್ಕಳ ತಾಯಂದಿರು ಈ ಯೋಜನೆಯನ್ನು ತನಿಖೆ ಮಾಡಿದ ರಾಯಲ್ ಆಯೋಗದ ಮುಂದೆ ಸಾಕ್ಷಿ ಹೇಳಿದ್ದಾರೆ. 2023ರ ಜುಲೈನಲ್ಲಿ ಬಂದ ವರದಿಯನ್ನು ಓದದೆ ಈ ವಿಷಯ ಮುಟ್ಟಬೇಡಿ. ಏಟು ಯಾರ ಮೇಲೆ ಬೀಳುತ್ತದೆ ಎಂಬುದನ್ನು ತಪ್ಪಿದರೆ ಎಂಥ ನುರಿತವರೂ ಬೀಳುತ್ತಾರೆ. ಚೇಸರ್ ಎಂಬ ಟಿವಿ ವಿಡಂಬನ ತಂಡ 2007ರ ಸೆಪ್ಟೆಂಬರಿನಲ್ಲಿ ಸಿಡ್ನಿಯಲ್ಲಿ ನಡೆದ, ಏಷ್ಯಾ-ಪೆಸಿಫಿಕ್ ದೇಶಗಳ ಏಪೆಕ್ ಶೃಂಗಸಭೆಗೆ ಕೆನಡಾದ ನಕಲಿ ವಾಹನಸಾಲು ಹೊರಡಿಸಿ, ಜೋಕ್ ಎಂದು ಮುದ್ರಿಸಿದ ಪಾಸುಗಳನ್ನು ಹಿಡಿದು, ಪೊಲೀಸ್ ತಪಾಸಣೆ ದಾಟಿ ಒಳಗೆ ಹೋಯಿತು. ಒಳಗಿದ್ದವರಲ್ಲೊಬ್ಬರದು ಒಸಾಮಾ ಬಿನ್ ಲಾಡೆನ್ ವೇಷ. ಬಂಧಿಸಿ ಹೊರಿಸಿದ ಆರೋಪಗಳನ್ನು ಮುಂದೆ ಕೈಬಿಡಲಾಯಿತು. ಮುಜುಗರ ಆದದ್ದು ಭದ್ರತಾ ವ್ಯವಸ್ಥೆಗೆ. 2009ರಲ್ಲಿ ಅದೇ ತಂಡ ಸಾಯುತ್ತಿರುವ ಮಕ್ಕಳ ಕೊನೆಯಾಸೆಯನ್ನು ಗೇಲಿ ಮಾಡಿತು. ಎಬಿಸಿ ಕಾರ್ಯಕ್ರಮವನ್ನು ಎರಡು ವಾರ ನಿಲ್ಲಿಸಿತು. ಜಾಣತನ ಎರಡರಲ್ಲೂ ಅಷ್ಟೇ ಇತ್ತು.

ಸಂಗತಿಯ ತಪ್ಪುಗಳಿಗೆ ಬರೋಣ. 2010ರಿಂದ 2018ರವರೆಗೆ ‘ಆರು ಪ್ರಧಾನಿಗಳು’ ಎಂದಿದ್ದೀರಿ. ಜನ ಐದೇ: ರಡ್, ಗಿಲಾರ್ಡ್, ಅಬಟ್, ಟರ್ನ್‌ಬುಲ್, ಮಾರಿಸನ್. ರಡ್ ಅವರನ್ನು ಎರಡು ಸಲ ಎಣಿಸಿದ್ದೀರಿ. ಸ್ಪೀಕರ್ ಸದಸ್ಯರನ್ನು ‘ದಿನವಿಡೀ’ ಹೊರಗೆ ಹಾಕಿದರು ಎಂದೂ ಬರೆದಿದ್ದೀರಿ; ನಿಯಮ 94(ಎ) ಪ್ರಕಾರ ಅದು ಒಂದು ಗಂಟೆ. ವಿಡಂಬನೆಯಲ್ಲಿ ಒಂದು ಅಂಕಿ ತಪ್ಪಿದರೆ ಎದುರಾಳಿಗೆ ಅದೊಂದೇ ಸಾಕು.

ಇವಕ್ಕಿಂತ ದೊಡ್ಡ ತಪ್ಪು ‘ನಮ್ಮ ರೆಸಾರ್ಟ್ ರಾಜಕೀಯವೇ ಅಲ್ಲೂ’ ಎಂಬ ಹೋಲಿಕೆ. ಕರ್ನಾಟಕದಲ್ಲಿ ಶಾಸಕರನ್ನು ಬಸ್ಸಿಗೆ ಹತ್ತಿಸಿ ಕಾಯುವುದು ಸದನದಲ್ಲಿ ಪಕ್ಷಗಳ ಸಂಖ್ಯೆ ಬದಲಾಗುವ ಭಯದಿಂದ. ಕ್ಯಾನ್‌ಬೆರಾದಲ್ಲಿ ಯಾರೂ ಪಕ್ಷ ಬಿಡಲಿಲ್ಲ. ಆಳುವ ಪಕ್ಷದ ಸಂಸದರೇ ಬಾಗಿಲು ಹಾಕಿಕೊಂಡು ಗುಪ್ತ ಮತದಿಂದ ತಮ್ಮ ಪ್ರಧಾನಿಯನ್ನು ಇಳಿಸಿದರು. ಅಲ್ಲಿನ ನಗು ಬೇರೆ ಜಾತಿಯದು, ಅದು ಕಡತದ ಶಿಸ್ತಿನಲ್ಲಿದೆ. 2018ರ ಆಗಸ್ಟ್ 21ರಂದು ಪ್ರಧಾನಿ ಟರ್ನ್‌ಬುಲ್ ಅವರು ತಮ್ಮದೇ ಪಕ್ಷದ ಡಟನ್ ಅವರನ್ನು ನಾಯಕತ್ವದ ಮತದಲ್ಲಿ 48–35ರಿಂದ ಸೋಲಿಸಿದರು. ಮತ್ತೊಂದು ಸಭೆ ಬೇಕಿದ್ದರೆ 43 ಸಹಿ ತನ್ನಿ ಎಂದರು. ನಲವತ್ತಮೂರನೆಯ ಸಹಿ ಹಾಕಿದ ಸಂಸದ ವಾರೆನ್ ಎಂಟ್ಶ್, ಪಕ್ಕದಲ್ಲಿ ‘ಬ್ರೆಂಡನ್ ನೆಲ್ಸನ್ ಸಲುವಾಗಿ’ ಎಂದು ಬರೆದರು. ನೆಲ್ಸನ್ ಎಂದರೆ ಹತ್ತು ವರ್ಷ ಹಿಂದೆ, 2008ರಲ್ಲಿ, ಟರ್ನ್‌ಬುಲ್ ಕೆಳಗಿಳಿಸಿದ್ದ ನಾಯಕ. 24ರಂದು 45–40ರಿಂದ ಟರ್ನ್‌ಬುಲ್ ಸ್ಥಾನ ಖಾಲಿಯಾಯಿತು, ಅಷ್ಟೇ ಅಂತರದಲ್ಲಿ ಡಟನ್ ಅವರನ್ನು ಸೋಲಿಸಿ ಮಾರಿಸನ್ ಬಂದರು. ಇಷ್ಟು ಒಳ್ಳೆಯ ಸಾಮಗ್ರಿ ದಾಖಲೆಯಲ್ಲಿರುವಾಗ ನೀವು ಕಟ್ಟಿದ ಕುರ್ಚಿಯಾಟದ ರೂಪಕ ಪೇಲವ.

ಮಾರಿಸನ್ ಅವರ ಗುಟ್ಟಿನ ಸಚಿವ ಖಾತೆಗಳ ಕನಸಿನ ದೃಶ್ಯವೂ ಬೇಡ. 2020ರ ಮಾರ್ಚ್‌ನಿಂದ 2021ರ ಮೇವರೆಗೆ ಆರೋಗ್ಯ, ಹಣಕಾಸು, ಕೈಗಾರಿಕೆ ಮತ್ತು ಇಂಧನ, ಖಜಾನೆ, ಗೃಹ, ಹೀಗೆ ಐದು ಇಲಾಖೆಗಳಿಗೆ ಅವರು ತಮ್ಮನ್ನೂ ನೇಮಿಸಿಕೊಂಡರು. ಖಜಾನೆ ಸಚಿವ ಜಾಶ್ ಫ್ರೈಡನ್‌ಬರ್ಗ್ ಕೋವಿಡ್ ಕಾಲದಲ್ಲಿ ಪ್ರಧಾನಿ ನಿವಾಸದಲ್ಲೇ ತಂಗಿದ್ದವರು, ಅವರಿಗೂ ಗೊತ್ತಿರಲಿಲ್ಲ. ವಿಷಯ ಬಯಲಾದದ್ದು 2022ರ ಆಗಸ್ಟ್‌ನಲ್ಲಿ. ಖಾತೆ, ಅದನ್ನು ಆಗ ಹೊಂದಿದ್ದವರು, ಅವರಿಗೆ ತಿಳಿದಿತ್ತೇ ಇಲ್ಲವೇ ಎಂಬುದನ್ನು ಸರ್ಕಾರಿ ಆದೇಶದ ಧಾಟಿಯಲ್ಲಿ ಸಾಲಾಗಿ ಬರೆಯಿರಿ. ಆರೋಗ್ಯ ಸಚಿವ ಗ್ರೆಗ್ ಹಂಟ್ ಅವರಿಗೆ ತಿಳಿದಿತ್ತು ಎಂಬುದನ್ನು ಬಿಡಬೇಡಿ. ನಿಮಗೆ ಅನುಕೂಲವಲ್ಲದ ಸಂಗತಿಯನ್ನೂ ಇಟ್ಟರೆ ಉಳಿದದ್ದನ್ನು ಓದುಗರು ನಂಬುತ್ತಾರೆ.

ಧಾರವಾಡದ ಓದುಗರಿಗೆ ಅಲ್ಲಿನ ಮತದಾನದ ಪದ್ಧತಿ ಗೊತ್ತಿರುವುದಿಲ್ಲ, ನಿಜ. ಆದರೆ 300 ಪದಗಳ ಪಾಠ ಬೇಡ. ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಹಾಕುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಇಷ್ಟು ಸಾಕು, ಮತ್ತು ಇದು ಜೋಕಿಗೆ ಮುಂಚೆ ಬರಬೇಕು. ಮತ ಹಾಕದಿದ್ದರೆ ಕೇಂದ್ರ ಚುನಾವಣೆಯಲ್ಲಿ 20 ಡಾಲರ್ ದಂಡ ಎಂಬುದೂ ಹಾಗೆಯೇ.

ಕೊನೆಗೆ ಕಾನೂನು. ಕನ್ನಡದಲ್ಲಿ ಬರೆದರೆ ಯಾರಿಗೆ ತಿಳಿಯುತ್ತದೆ ಎಂದು ನಿಮ್ಮ ಪತ್ರದಲ್ಲಿ ಕೇಳಿದ್ದೀರಿ. ಗಟ್ನಿಕ್ ಮೊಕದ್ದಮೆಯಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅದೇ ಅಲ್ಲಿನ ಅತ್ಯುನ್ನತ ನ್ಯಾಯಾಲಯ) 2002ರಲ್ಲೇ ಹೇಳಿದೆ: ಅಂತರ್ಜಾಲದ ಬರಹದಿಂದ ಮಾನಹಾನಿ ಆಗುವುದು ಅದನ್ನು ಓದುಗರು ಇಳಿಸಿಕೊಂಡು ಓದಿದ ಜಾಗದಲ್ಲಿ. ಬೆಂಗಳೂರಿನಿಂದ ಪ್ರಕಟಿಸಿದ್ದನ್ನು ಮೆಲ್ಬರ್ನ್‌ನ ಕನ್ನಡಿಗರು ಓದಿದರೆ ಅಲ್ಲಿಯೇ ದಾವೆ ಹೂಡಬಹುದು. ವಿಡಂಬನೆ ಎಂಬ ಕಾರಣಕ್ಕೇ ಅಲ್ಲಿನ ಮಾನನಷ್ಟ ಕಾಯಿದೆಯಲ್ಲಿ ರಕ್ಷಣೆ ಸಿಗುವುದಿಲ್ಲ. ಪ್ರಾಮಾಣಿಕ ಅಭಿಪ್ರಾಯ ಎಂಬ ಸಮರ್ಥನೆ ನಿಲ್ಲಬೇಕಾದರೆ, ಅಭಿಪ್ರಾಯ ಸಾರ್ವಜನಿಕ ವಿಷಯದ್ದಾಗಿ, ನಿಜವಾದ ಆಧಾರದ ಮೇಲೆ ನಿಂತಿರಬೇಕು. ಆ ಆಧಾರ ಲೇಖನದಲ್ಲೇ ಕಾಣುವಂತಿದ್ದರೆ ಒಳ್ಳೆಯದು. 2022ರಲ್ಲಿ ನ್ಯೂ ಸೌತ್ ವೇಲ್ಸ್‌ನ ಮಾಜಿ ಉಪಮುಖ್ಯಮಂತ್ರಿ ಜಾನ್ ಬ್ಯಾರಿಲಾರೊ ಅವರಿಗೆ 7,15,000 ಡಾಲರ್ ಕೊಡುವಂತೆ ಫೆಡರಲ್ ಕೋರ್ಟ್ ಗೂಗಲ್‌ಗೆ ಆದೇಶಿಸಿತು. ಯೂಟ್ಯೂಬ್‌ನಲ್ಲಿ ವಿನೋದಕಾರರೊಬ್ಬರು ಹಾಕಿದ ವಿಡಿಯೊಗಳಲ್ಲಿ ಭ್ರಷ್ಟಾಚಾರದ ಆರೋಪದ ಜೊತೆ ಅವರ ಇಟಾಲಿಯನ್ ಮೂಲದ ಹೀಯಾಳಿಕೆಯೂ ಇತ್ತು.

ಹಾಗಾಗಿ ಮುಂದಿನ ಕರಡಿನಲ್ಲಿ ಪ್ರತಿ ಸಂಗತಿಯ ಎದುರು, ಅಂಚಿನಲ್ಲಿ, ಆಧಾರ ಬರೆದು ಕಳಿಸಿ: ಸದನದ ಮಾತಾದರೆ ಸದನದ ಅಧಿಕೃತ ನಡಾವಳಿ ದಾಖಲೆಯಾದ ಹ್ಯಾನ್ಸರ್ಡ್‌ನ ದಿನಾಂಕ, ತೀರ್ಪಾದರೆ ಅದರ ದಿನ. ಹ್ಯಾನ್ಸರ್ಡ್‌ನ ಪ್ರೂಫ್ ಪ್ರತಿ ಮೊದಲು ಬರುತ್ತದೆ, ಅಂತಿಮ ಪ್ರತಿ ಆಮೇಲೆ. ಉಲ್ಲೇಖ ಅಂತಿಮ ಪ್ರತಿಯಿಂದಲೇ ಇರಲಿ. ಹನ್ನೊಂದನೆಯ ಪ್ಯಾರಾದಲ್ಲಿ ರಾಜ್ಯ ಸಚಿವರೊಬ್ಬರು ‘ಲಂಚ ತಿಂದರು’ ಎಂದು ಬರೆದಿರುವುದಕ್ಕೆ ದಾಖಲೆ ಇದ್ದರೆ ಜೊತೆಗೆ ಲಗತ್ತಿಸಿ. ಇಲ್ಲದಿದ್ದರೆ ಆ ಪ್ಯಾರಾ ಬಿಟ್ಟು ಉಳಿದದ್ದನ್ನು ಕಳಿಸಿ, ನಾವು ಮತ್ತೆ ಓದುತ್ತೇವೆ.

— ಸಂಪಾದಕೀಯ ಬಳಗ