ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಜೀಪಿಗೆ ಮನೆಯಲ್ಲೇ ಬಣ್ಣ

ಪ್ರಶ್ನೆ: ನಮ್ಮ ತಂದೆಯವರು ತೋಟದ ಕೆಲಸಕ್ಕೆಂದು ಕೊಂಡಿದ್ದ ಮಹೀಂದ್ರ ಎಂಎಂ 540 ಜೀಪಿನ ಎಂಜಿನ್ ಮತ್ತು ಟಿಂಕರಿಂಗ್ ಕೆಲಸ ಮುಗಿದಿದೆ. ಷೆಡ್ಡಿನೊಳಗೆ ಪಿವಿಸಿ ಪೈಪಿನ ಚೌಕಟ್ಟು ಕಟ್ಟಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಎಕ್ಸಾಸ್ಟ್ ಫ್ಯಾನ್ ಕೂರಿಸಿ ನಾನೇ ಬಣ್ಣ ಹೊಡೆಯಬೇಕೆಂದಿದ್ದೇನೆ. ಅಂಗಡಿಯವರು ಹಾರ್ಡ್‌ನರ್ (ಬಣ್ಣವನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಟೂ-ಕೆ ಪಿಯು (ಎರಡು ಭಾಗಗಳ ಪಾಲಿಯುರೆಥೇನ್) ಬಣ್ಣವೇ ಒಳ್ಳೆಯದೆನ್ನುತ್ತಾರೆ. ಮನೆಯಲ್ಲಿ ಇದು ಸಾಧ್ಯವೇ? ಯಾವ ತಿಂಗಳು ಸೂಕ್ತ?
– ಓದುಗರು, ಮೂಡಿಗೆರೆ

ಉತ್ತರ: ಬೂತ್, ಅಂದರೆ ಬಣ್ಣ ಹೊಡೆಯಲು ನೀವು ಹೇಳಿದಂಥ ಮುಚ್ಚಿದ ಕೋಣೆ, ಕಟ್ಟುವುದು ಖಂಡಿತ ಸಾಧ್ಯ. ಆದರೆ ಅದರೊಳಗೆ ಟೂ-ಕೆ ಬಣ್ಣ ಹೊಡೆಯುವುದು ಬೇರೆಯೇ ವಿಷಯ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಬೂತಿನ ಕೆಲಸ ಧೂಳನ್ನು ತಡೆಯುವುದಷ್ಟೇ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಎಂಬುದರ ಮೇಲೆಯೇ ಬಣ್ಣದ ಅಂದವೂ ನಿಮ್ಮ ಆರೋಗ್ಯವೂ ನಿಂತಿವೆ. ಸುಮಾರು ಹನ್ನೆರಡು ಅಡಿ ಉದ್ದದ ಜೀಪಿನ ಸುತ್ತ ಬಣ್ಣದ ಸ್ಪ್ರೇ ಗನ್ ಹಿಡಿದು ತಡೆಯಿಲ್ಲದೆ ಓಡಾಡಲು 18 ಅಡಿ ಉದ್ದ, 12 ಅಡಿ ಅಗಲ, 8 ಅಡಿ ಎತ್ತರದ ಜಾಗ ಬೇಕು. ಅದರೊಳಗಿನ ಗಾಳಿ ಸುಮಾರು 49 ಘನ ಮೀಟರ್. ನಿಮಿಷಕ್ಕೊಮ್ಮೆಯಾದರೂ ಅಷ್ಟೂ ಗಾಳಿ ಬದಲಾಗಬೇಕೆಂದರೆ ಗಂಟೆಗೆ 3000 ಘನ ಮೀಟರ್ ಹರಿಯಬೇಕು. ಫಿಲ್ಟರ್ ಒಡ್ಡುವ ತಡೆಯನ್ನೂ ಲೆಕ್ಕಕ್ಕೆ ಹಿಡಿದು, ಗಂಟೆಗೆ 4500 ಘನ ಮೀಟರ್ ಸಾಮರ್ಥ್ಯವುಳ್ಳ ಫ್ಯಾನ್ ಆರಿಸಿಕೊಳ್ಳಿ. ದೊಡ್ಡ ವರ್ಕ್‌ಶಾಪುಗಳ ಬೂತಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಗಾಳಿ ಹರಿಯುತ್ತದೆಂಬುದು ನೆನಪಿರಲಿ.

ಫ್ಯಾನಿನಿಂದ ಒಳಗಿನ ಗಾಳಿಯನ್ನು ಹೊರಗೆಳೆಯುವ ಬದಲು, ಹೊರಗಿನ ಗಾಳಿಯನ್ನು ಫಿಲ್ಟರ್ ಮೂಲಕ ಒಳಗೆ ತಳ್ಳುವಂತೆ ಕೂರಿಸುವುದನ್ನು ನಾವು ಒತ್ತಿ ಹೇಳುತ್ತೇವೆ. ಹೊರಗೆಳೆಯುವ ಫ್ಯಾನಿನಲ್ಲಿ, ಬಣ್ಣವನ್ನು ತೆಳುವಾಗಿಸಲು ಬೆರೆಸುವ ಥಿನ್ನರಿನ ಆವಿ ಮೋಟರಿನ ಮೇಲೆಯೇ ಹಾದುಹೋಗುವುದರಿಂದ ಒಂದು ಕಿಡಿಗೂ ಬೆಂಕಿ ಹತ್ತಬಹುದು. ತಳ್ಳುವ ಫ್ಯಾನಿನ ಮೋಟರು ಶುದ್ಧ ಗಾಳಿಯಲ್ಲೇ ಇರುತ್ತದೆ. ಒಂದು ತುದಿಯ ಮೇಲ್ಭಾಗದಲ್ಲಿ ಗಾಳಿ ಒಳಬರಲಿ. ಥಿನ್ನರ್ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ಹೊರಹೋಗುವ ದಾರಿ ಎದುರು ತುದಿಯಲ್ಲಿ, ನೆಲಕ್ಕೆ ಹತ್ತಿರವಾಗಿ, ಫಿಲ್ಟರ್ ಸಹಿತ ಇರಲಿ. ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಪ್ಲಾಸ್ಟಿಕ್ ಗೋಡೆಯನ್ನು ನೋಡಿದರೆ ಸಾಕು. ಫ್ಯಾನ್ ಹಾಕಿದೊಡನೆ ಅದು ತುಸು ಹೊರಕ್ಕೆ ಉಬ್ಬಿ ನಿಲ್ಲಬೇಕು. ಒಳಕ್ಕೆ ಸೆಳೆದುಕೊಂಡರೆ ಪ್ರತಿಯೊಂದು ಸಂದಿಯಿಂದಲೂ ಧೂಳು ನುಗ್ಗುತ್ತಿದೆ ಎಂದರ್ಥ. ದೀಪಗಳನ್ನು ಪ್ಲಾಸ್ಟಿಕ್ಕಿನ ಹೊರಗಿನಿಂದಲೇ ಬೆಳಗಿಸಿ. ಕಂಪ್ರೆಸರ್ ಮತ್ತು ಸ್ವಿಚ್ಚುಗಳು ಕೂಡ ಹೊರಗೇ ಇರಲಿ. ಗಾಳಿ ಹೊರಹೋಗುವ ದಿಕ್ಕಿನಲ್ಲಿ ಕಾರ್ಮಿಕರ ಲೈನ್ ಮನೆಗಳಾಗಲಿ, ಬಾವಿಯಾಗಲಿ, ಒಲೆಯಾಗಲಿ ಇರಬಾರದು.

ಇನ್ನು ಬಣ್ಣದ ವಿಷಯ. ಟೂ-ಕೆ ಪಿಯು ಬಣ್ಣದ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಹನಿಗಳನ್ನು ಉಸಿರಾಡಿದವರಿಗೆ ಅಸ್ತಮಾ ಬರಬಹುದು. ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ ಮುಂದೆ ತೀರ ಅಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ಬಟ್ಟೆಯ ಮಾಸ್ಕ್, ಎನ್-95 ಇದಕ್ಕೆ ಯಾವ ರಕ್ಷಣೆಯನ್ನೂ ನೀಡುವುದಿಲ್ಲವೆಂದೇ ತಿಳಿಯಿರಿ. ಇಂಗಾಲದ ಕಾರ್ಟ್ರಿಜ್ ಇರುವ ಮಾಸ್ಕನ್ನೂ ನೆಚ್ಚುವಂತಿಲ್ಲ, ಏಕೆಂದರೆ ಅಪಾಯದ ಮಟ್ಟದಲ್ಲೂ ಐಸೊಸಯನೇಟಿನ ವಾಸನೆ ಮೂಗಿಗೆ ತಿಳಿಯದೆ ಇರಬಹುದಾದ್ದರಿಂದ ಕಾರ್ಟ್ರಿಜ್ ಮುಗಿದುಹೋದದ್ದು ಗೊತ್ತೇ ಆಗುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಮುಖವಾಡಕ್ಕೆ ಒದಗಿಸುವ ಸಲಕರಣೆ ಇದಕ್ಕೆ ಬೇಕು. ಪೇಂಟಿಂಗಿಗೆ ಬಳಸುವ ಸಾಮಾನ್ಯ ಕಂಪ್ರೆಸರಿನ ಎಣ್ಣೆಗಾಳಿ ಉಸಿರಾಟಕ್ಕೆ ತಕ್ಕದ್ದಲ್ಲ.

ಆ ಸಲಕರಣೆ ನಿಮ್ಮಲ್ಲಿಲ್ಲದಿದ್ದರೆ ಟೂ-ಕೆ ಬಣ್ಣವನ್ನು ಮನೆಯಲ್ಲಿ ದಯವಿಟ್ಟು ಹೊಡೆಯಬೇಡಿ. ಹಾರ್ಡ್‌ನರ್ ಬೆರೆಸದ ಸಿಂಥೆಟಿಕ್ ಎನಾಮೆಲ್ ಬಳಸಿ. ಅದಕ್ಕೆ ಆವಿ ಹೀರುವ ಕಾರ್ಟ್ರಿಜ್ ಮಾಸ್ಕ್, ಕನ್ನಡಕ ಮತ್ತು ಕೈಗವಸು ಬೇಕು. ಎನಾಮೆಲ್ ನಿಧಾನವಾಗಿ ಒಣಗುವುದರಿಂದ ಧೂಳು ಕೂರುವ ಅವಕಾಶ ಹೆಚ್ಚು, ಹೊಳಪೂ ಪಿಯುವಿನಷ್ಟು ಕಾಲ ಬಾಳದು. ಆದರೆ ಕಾಫಿ ಗಿಡದ ರೆಂಬೆಗಳ ನಡುವೆ ದಿನವೂ ನುಗ್ಗುವ ಜೀಪಿಗೆ ಕನ್ನಡಿಯಂಥ ಹೊಳಪಿಗಿಂತ, ಗೀರು ಬಿದ್ದಾಗ ಬ್ರಷ್ಷಿನಿಂದಲೇ ಸರಿಪಡಿಸಿಕೊಳ್ಳಬಹುದಾದ ಬಣ್ಣವೇ ಮೇಲೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪಿಯುವೇ ಬೇಕೆಂದಾದರೆ ಪುಟ್ಟಿ, ಪ್ರೈಮರ್, ಉಜ್ಜುವ ಕೆಲಸಗಳನ್ನು ಮನೆಯಲ್ಲಿ ಮುಗಿಸಿ, ಕೊನೆಯ ಬಣ್ಣವನ್ನು ಬೂತ್ ಇರುವ ಗ್ಯಾರೇಜಿಗೆ ವಹಿಸಿ. ಕೆಲವು ಪ್ರೈಮರುಗಳ ಹಾರ್ಡ್‌ನರಿನಲ್ಲೂ ಐಸೊಸಯನೇಟ್ ಇರುವುದರಿಂದ ಡಬ್ಬದ ಮೇಲಿನ ಬರಹವನ್ನು ಓದಿಯೇ ಕೊಳ್ಳಿ.

ತಿಂಗಳಿನ ಬಗ್ಗೆ: ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಯೋಚನೆಯೇ ಬೇಡ. ಡಿಸೆಂಬರ್, ಜನವರಿಯ ಒಣಹವೆ ಒಳ್ಳೆಯದೇ, ಆದರೆ ಆಗ ಕಾಫಿ ಕೊಯ್ಲಿನ ಗಡಿಬಿಡಿ, ಕಣದ ಧೂಳು. ಕೊಯ್ಲು ಮುಗಿದ ಮೇಲೆ, ಕಾಫಿ ಹೂವರಳಿಸುವ ಹೂಮಳೆ ಬೀಳುವ ಮುನ್ನ ಸಿಗುವ ಬಿಡುವು ನಿಮಗೆ ಹೆಚ್ಚು ಅನುಕೂಲ. ಬೆಳಗಿನ ಮಂಜಿನಲ್ಲಿ ತಣ್ಣಗಾದ ತಗಡಿನ ಮೇಲೆ ಕಣ್ಣಿಗೆ ಕಾಣದ ಪಸೆ ಇರುತ್ತದೆ. ಬಿಸಿಲೇರಿ ತಗಡು ಬೆಚ್ಚಗಾದ ಮೇಲೆ ಆರಂಭಿಸಿ, ಸಂಜೆಯ ತಂಪಿಗೆ ಸಾಕಷ್ಟು ಮೊದಲೇ ನಿಲ್ಲಿಸಿ. ಬರಿ ತಗಡನ್ನು ಉಜ್ಜಿದ ದಿನವೇ ಪ್ರೈಮರ್ ಹೊಡೆಯಬೇಕು. ಪುಟ್ಟಿ ನೀರು ಹೀರುವುದರಿಂದ ಅದನ್ನು ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜದೆ, ಒಣಗಿದಂತೆಯೇ ಉಜ್ಜಿ. ಇಲ್ಲವಾದರೆ ಒಳಗೆ ಉಳಿದ ನೀರು ಮುಂದಿನ ಮಳೆಗಾಲದ ಹೊತ್ತಿಗೆ ಗುಳ್ಳೆಯಾಗಿ ಏಳುತ್ತದೆ.

ಪ್ರಶ್ನೆ: ಜಿಪ್ಸಿಯ ಬಾನೆಟ್ಟಿಗೆ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಹೊಡೆದೆ. ಒಣಗುತ್ತಲೇ ಬಿಳಿಚಿಕೊಂಡು ಮಬ್ಬಾಯಿತು. ಅಲ್ಲಲ್ಲಿ ಸಣ್ಣ ಕುಳಿಗಳೂ ಬಿದ್ದಿವೆ. ಗನ್ ಕೆಟ್ಟಿದೆಯೇ?
– ಓದುಗರು, ಶಿರಸಿ

ಉತ್ತರ: ಗನ್ನನ್ನು ದೂಷಿಸಬೇಕಾಗಿಲ್ಲ. ಎನ್‌ಸಿ ಬಣ್ಣದ ಥಿನ್ನರ್ ವೇಗವಾಗಿ ಆರುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ತೇವದ ಹವೆಯಲ್ಲಿ ಆ ತಂಪಿಗೆ ನೀರಿನ ಪಸೆ ಕೂತು ಬಿಳಿಚು ಹತ್ತುತ್ತದೆ. ಒಣ ದಿನವೊಂದರಲ್ಲಿ ನಿಧಾನವಾಗಿ ಆರುವ ಥಿನ್ನರನ್ನು ತೆಳುವಾಗಿ ಹೊಡೆದರೆ ಹಲವು ಸಲ ಮಬ್ಬು ಹೋಗುತ್ತದೆ. ಕುಳಿಗಳಿಗೆ ಕಾರಣ ಸಾಮಾನ್ಯವಾಗಿ ಎಣ್ಣೆ ಅಥವಾ ಸಿಲಿಕೋನ್ ಇರುವ ಪಾಲಿಶ್; ಅವನ್ನು ಉಜ್ಜಿ ತೆಗೆದು, ಜಿಡ್ಡು ಒರೆಸಿ, ಮತ್ತೆ ಹೊಡೆಯಲೇಬೇಕು. ಕಂಪ್ರೆಸರಿನಿಂದ ನೀರು, ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು, ಬಣ್ಣ ತುಂಬದ ಗನ್ನಿನ ಗಾಳಿಯನ್ನು ಬಿಳಿ ಕಾಗದದ ಮೇಲೆ ಅರ್ಧ ನಿಮಿಷ ಬಿಟ್ಟು ನೋಡಿ. ಕಲೆ ಕಂಡರೆ ಟ್ಯಾಂಕಿನ ನೀರನ್ನು ಬಸಿದು, ಪೈಪಿನ ಕೊನೆಯಲ್ಲಿ ನೀರು ತಡೆಯುವ ಫಿಲ್ಟರ್ ಹಾಕಿಸಿ.

ಪ್ರಶ್ನೆ: ಹಳೆಯ ಜೀಪಿಗೆ ಮಿಲಿಟರಿ ಹಸಿರು ಬಳಿಯಬಹುದೇ?
– ಓದುಗರು, ಮಡಿಕೇರಿ

ಉತ್ತರ: ಬಳಿಯುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ಬೇರೆ ಬಣ್ಣ ಆರಿಸಿದರೂ ನೋಂದಣಿ ಪತ್ರದಲ್ಲಿರುವ ಬಣ್ಣಕ್ಕಿಂತ ಅದು ಭಿನ್ನವಾಗಿದ್ದರೆ, ಡಬ್ಬ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು, ಪತ್ರದಲ್ಲಿ ಹೊಸ ಬಣ್ಣವನ್ನು ನಮೂದಿಸಿಕೊಳ್ಳಿ.