ಬಾಯಿ ಬೇರೆ, ಬಂಪರ್ ಬೇರೆ

ಸೈಕಲ್ ಸವಾರರ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಬ್ರೇಕುಗಳನ್ನು ನೋಡಿಕೊಳ್ಳುವ ಬಗೆಯನ್ನು ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ರೇಕಿನ ವಿಷಯ ಎತ್ತದೆ, ರಸ್ತೆಯಲ್ಲಿ ತಿನ್ನಬೇಕಾಗಿ ಬರುವ ಬೈಗುಳದ ವಿಷಯವನ್ನೇ ಕೇಳಿವೆ. ಐದನ್ನು ಆರಿಸಿಕೊಂಡಿದ್ದೇನೆ. ಹೆಸರು ಬೇಡವೆಂದು ಕೆಲವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ವಿಜಯನಗರದಿಂದ ಕಬ್ಬನ್ ಪಾರ್ಕ್ ಬಳಿಯ ಕಚೇರಿಗೆ ಎರಡು ವರ್ಷದಿಂದ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೇನೆ. ‘ಮನೇಲಿ ಹೇಳಿ ಬಂದಿದೀಯಾ?’ ಎಂಬ ಮಾತು ವಾರಕ್ಕೆರಡು ಸಲವಾದರೂ ಕಿವಿಗೆ ಬೀಳುತ್ತದೆ. ಹೋದ ತಿಂಗಳು ತಾಳ್ಮೆ ತಪ್ಪಿ ತಿರುಗಿಸಿ ಬೈದೆ. ಆ ಮನುಷ್ಯ ಕಾರನ್ನು ಅಡ್ಡ ನಿಲ್ಲಿಸಿ ಇಳಿದು ಬಂದು ಕೊರಳಪಟ್ಟಿ ಹಿಡಿದ. ಜನ ಸೇರಿ ಬಿಡಿಸಿದರು. ಸುಮ್ಮನಿದ್ದರೆ ಹೇಡಿತನ ಅನ್ನಿಸುತ್ತದೆ, ಬಾಯಿ ಬಿಟ್ಟರೆ ಹೀಗಾಗುತ್ತದೆ. ಏನು ಮಾಡಲಿ?

ಉತ್ತರ: ಸುಮ್ಮನಿರುವುದು ಹೇಡಿತನವೆಂದು ನಾನೂ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಬಿಟ್ಟುಹೋದದ್ದು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ. ಎಡಬದಿಯಲ್ಲಿ ನಿಂತಿದ್ದ ಕಾರುಗಳ ಬಾಗಿಲುಗಳಿಂದ ದೂರವಿರಲೆಂದು ನಾನು ಸ್ವಲ್ಪ ಬಲಕ್ಕೆ ಸರಿದು ಹೋಗುತ್ತಿದ್ದಾಗ, ಹಿಂದಿನಿಂದ ಬಂದ ಸರಕಿನ ವ್ಯಾನಿನ ಚಾಲಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ನನ್ನ ತಾಯಿಯನ್ನು ಎಳೆದು ತಂದು ಬೈದು ಮುಂದೆ ಹೋದ. ನಾನು ಅದರ ಎರಡರಷ್ಟು ಬೈದೆ. ಮುಂದಿನ ಸಿಗ್ನಲ್ಲಿನಲ್ಲಿ ಅವನ ಕಿಟಕಿಯ ಪಕ್ಕದಲ್ಲೇ ನಿಲ್ಲಬೇಕಾಯಿತು. ನೋಡಿದರೆ ಅವನು ಡ್ಯಾಶ್‌ಬೋರ್ಡಿನ ಮೇಲಿದ್ದ ಡೆಲಿವರಿ ಚೀಟಿಗಳ ಕಟ್ಟನ್ನು ಬೆರಳಿಗೆ ಉಗುಳು ಹಚ್ಚಿ ತಿರುವಿಹಾಕುತ್ತಿದ್ದ. ನಾನೊಬ್ಬ ಇದ್ದೆನೆಂಬ ನೆನಪೂ ಅವನಿಗೆ ಇದ್ದಂತಿರಲಿಲ್ಲ. ಇತ್ತ ನನ್ನ ಕೈ ಹ್ಯಾಂಡಲಿನ ಮೇಲೆ ನಡುಗುತ್ತಿತ್ತು. ಹಸಿರು ದೀಪ ಹೊತ್ತಿದಾಗ ಪೆಡಲಿನಿಂದ ಕಾಲು ಜಾರಿ, ಹಿಂದಿದ್ದ ಆಟೋದ ಮುಂದೆಯೇ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಅಂದಿನಿಂದ ನಾನು ಬಾಯಿಗೂ ಬಂಪರಿಗೂ ಭೇದ ಮಾಡುತ್ತೇನೆ. ಚಾಲಕನು ಬಾಯಲ್ಲಿ ಮಾಡಿದ್ದನ್ನು ಅಲ್ಲೇ ಬಿಟ್ಟುಬಿಡುತ್ತೇನೆ, ವಾಹನದಿಂದ ಮಾಡಿದ್ದನ್ನು ಬಿಡುವುದಿಲ್ಲ. ಬೈದವನಿಗೆ ಒಂದು ಕೈ ಎತ್ತಿ, ವೇಗ ತಗ್ಗಿಸಿ, ಅವನನ್ನು ಮುಂದೆ ಹೋಗಲು ಬಿಡಿ. ಮುಂದೆ ಸಿಗ್ನಲ್ಲಿನಲ್ಲಿ ಅವನು ಸಿಕ್ಕರೂ ಪಕ್ಕಕ್ಕೆ ಹೋಗಿ ನಿಲ್ಲದೆ ಎರಡು ವಾಹನ ಹಿಂದೆಯೇ ಉಳಿಯಿರಿ. ಸಿಟ್ಟಿಗೆದ್ದವನು ನಿಮ್ಮ ಹಿಂದಿರುವುದಕ್ಕಿಂತ ಮುಂದಿರುವುದು ಕ್ಷೇಮ. ಎಲ್ಲ ಹಾರ್ನನ್ನೂ ಬೈಗುಳವೆಂದು ತಿಳಿಯಬೇಕಾಗಿಯೂ ಇಲ್ಲ. ‘ಸೌಂಡ್ ಹಾರ್ನ್’ ಎಂದು ಲಾರಿಗಳ ಬೆನ್ನ ಮೇಲೆಯೇ ಬರೆಸಿಕೊಳ್ಳುವ ಊರು ನಮ್ಮದು. ಬಸ್ಸಿನವರು ಒಮ್ಮೆ ‘ಪೀಂ’ ಎಂದರೆ ‘ನಾನು ಬರುತ್ತಿದ್ದೇನೆ’ ಎಂದಷ್ಟೇ ಅರ್ಥ. ಬೆನ್ನಿಗೆ ಅಂಟಿಕೊಂಡು ಕೈ ತೆಗೆಯದೆ ಒತ್ತುವ ಹಾರ್ನ್ ಬೇರೆ ಜಾತಿಯದು. ಅಂಥದ್ದಕ್ಕೆ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನಲ್ಲಿ ಮೊದಲ ಸಲಕ್ಕೆ 1000 ರೂಪಾಯಿ ದಂಡವಿದೆ, ಆದರೆ ಅದನ್ನು ಹಾಕಿಸಲು ನಿಮ್ಮ ಒಂದು ಬೆಳಗನ್ನು ಕಳೆಯಿರೆಂದು ನಾನು ಹೇಳಲಾರೆ.

ಬೇಕೆಂದೇ ಸವರಿಕೊಂಡು ಹೋಗುವುದು, ಮುಂದೆ ಬಂದು ಗಕ್ಕನೆ ಬ್ರೇಕ್ ಹಾಕುವುದು, ಅಂಚಿಗೆ ಒತ್ತರಿಸುವುದು, ಇವು ಬಂಪರಿನ ಲೆಕ್ಕ. ಇವನ್ನು ಬಿಡಬೇಡಿ. ಅದೇ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಯ ನಂತರ, ನಿಯಮ ಮೀರಿ ಹಿಂದಿಕ್ಕುವುದೂ ಅಪಾಯಕಾರಿ ಚಾಲನೆಯೆಂದು ಅದರಲ್ಲಿ ಬಿಡಿಸಿ ಹೇಳಲಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 279, ಅಜಾಗರೂಕ ಚಾಲನೆಯ ವಿಷಯದ್ದು. ಇದರಲ್ಲಿ ಪೊಲೀಸರು ನ್ಯಾಯಾಲಯದ ಅನುಮತಿಗೆ ಕಾಯದೆ ಎಫ್‌ಐಆರ್ ದಾಖಲಿಸಬಹುದು.

ನಿಮ್ಮ ಪ್ರಕರಣದಲ್ಲಿ ಕಾರನ್ನು ಅಡ್ಡ ಹಾಕಿದ್ದೇ ಅಕ್ರಮ ತಡೆ, ಅದು ನ್ಯಾಯ ಸಂಹಿತೆಯ 126ನೇ ಕಲಮಿಗೆ ಬರುತ್ತದೆ. ಎಳೆದಾಟದಲ್ಲಿ ನೋವಾಗಿದ್ದರೆ 115ನೇ ಕಲಮೂ ಸೇರುತ್ತದೆ. ಆದರೆ ಒಂದು ಕಹಿ ಮಾತನ್ನು ಹೇಳಲೇಬೇಕು. ಅವಾಚ್ಯವಾಗಿ ನಿಂದಿಸಿ ಜಗಳಕ್ಕೆ ಎಳೆಯುವುದೂ 352ನೇ ಕಲಮಿನ ಅಪರಾಧವಾದ್ದರಿಂದ, ನೀವು ತಿರುಗಿಸಿ ಬೈದಿದ್ದೀರೆಂಬ ಒಂದೇ ಎಳೆಯನ್ನು ಹಿಡಿದು ಎದುರು ಪಕ್ಷದವರು ಪ್ರತಿದೂರು ಕೊಡುತ್ತಾರೆ. ಠಾಣೆಯಲ್ಲಿ ಕುಳಿತವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ‘ಇಬ್ರೂ ರಾಜಿ ಮಾಡ್ಕೊಂಡು ಹೋಗಿ’ ಎನ್ನುತ್ತಾರೆ. ಬಾಯಿ ಮುಚ್ಚಿಕೊಂಡಿದ್ದವರ ದೂರಿಗೆ ಈ ಗತಿ ಬರುವುದು ಕಡಿಮೆ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಶಿಕ್ಷಕ. ಐವತ್ತು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ಮೊನ್ನೆ ಮೊಮ್ಮಗನ ವಯಸ್ಸಿನ ಹುಡುಗನೊಬ್ಬ ಕಾರಿನಿಂದ ‘ಟ್ಯಾಕ್ಸ್ ಕಟ್ಟದೋರಿಗೆಲ್ಲ ರೋಡ್ ಯಾಕೆ ಬೇಕು’ ಎಂದ. ಕಾನೂನಿನ ಪ್ರಕಾರ ನಮಗೆ ಹಕ್ಕು ಕಡಿಮೆಯೇ?

ಉತ್ತರ: ಕಡಿಮೆಯಿಲ್ಲ. ಆ ಹುಡುಗ ಹೇಳಿದ ತೆರಿಗೆ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ, 1957ರಂತೆ ಮೋಟಾರು ವಾಹನದ ಮೇಲೆ ಬೀಳುತ್ತದೆ. ಸೈಕಲ್ಲು ಮೋಟಾರು ವಾಹನವಲ್ಲವಾದ್ದರಿಂದ ತೆರಿಗೆಯೂ ಇಲ್ಲ, ಲೈಸೆನ್ಸೂ ಇಲ್ಲ, ನಂಬರ್ ಪ್ಲೇಟೂ ಇಲ್ಲ. ನಿಮ್ಮ ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕಿಸುವ ನಗರಪಾಲಿಕೆಯ ಹಣದಲ್ಲಿ ನೀವು ಕಟ್ಟಿದ ಮನೆಗಂದಾಯವಿದೆ, ನೀವು ಕೊಂಡ ಸೋಪಿನಿಂದ ಹಿಡಿದು ಸೈಕಲ್ ಟ್ಯೂಬಿನವರೆಗಿನ ತೆರಿಗೆಯಿಂದ ಸರ್ಕಾರ ಕೊಡುವ ಅನುದಾನವೂ ಇದೆ.

ನಿಮ್ಮ ವಯಸ್ಸಿನವರಿಗೆ ನೆನಪಿರಬೇಕು, ಒಂದು ಕಾಲದಲ್ಲಿ ಸೈಕಲ್ಲಿಗೂ ತೆರಿಗೆಯಿತ್ತು. ಪುರಸಭೆಯವರು ವರ್ಷಕ್ಕೊಂದು ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆಯಿಲ್ಲದೆ ಸಿಕ್ಕಿಬಿದ್ದರೆ ದಂಡ. ಡೈನಮೋ ದೀಪವಿಲ್ಲದೆ ರಾತ್ರಿ ಸಿಕ್ಕರೆ ಪೊಲೀಸಿನವನು ಚಕ್ರದ ಗಾಳಿ ಬಿಡುತ್ತಿದ್ದ. ಹಾಗೆಂದು ಆ ದಿನಗಳಲ್ಲಿ ಲಾರಿಯವರು ಬಿಲ್ಲೆಯನ್ನು ನೋಡಿ ದಾರಿ ಬಿಟ್ಟುಕೊಡುತ್ತಿದ್ದರೆಂದು ನನ್ನ ತಂದೆ ಎಂದೂ ಹೇಳಲಿಲ್ಲ. ನಿಮ್ಮ ಊರಿನಲ್ಲಂತೂ 2017ರಲ್ಲಿ ಸರ್ಕಾರವೇ ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ ಬಾಡಿಗೆ ಸೈಕಲ್ಲುಗಳನ್ನು ಅದೇ ರಸ್ತೆಗಳಿಗೆ ಇಳಿಸಿತು. ಇದನ್ನೆಲ್ಲ ಆ ಹುಡುಗನಿಗೆ ರಸ್ತೆಯಲ್ಲಿ ನಿಂತು ಪಾಠ ಮಾಡಲು ಹೋಗಬೇಡಿ, ಮೇಷ್ಟ್ರೇ. ಹಸಿರು ದೀಪ ಬಿದ್ದ ಮೇಲೆ ಅವನು ಕೇಳಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ನಾನು ಹೆಲ್ಮೆಟ್ ತೆಗೆದು ಎರಡು ಮಾತು ಇಂಗ್ಲಿಷಿನಲ್ಲಿ ಆಡಿದರೆ, ಬೈಯಲು ಬಂದವನೇ ‘ಸಾರಿ ಸಾರ್’ ಎಂದು ಹೋದದ್ದುಂಟು. ಕ್ಯಾರಿಯರಿಗೆ ಊಟದ ಡಬ್ಬಿ ಕಟ್ಟಿಕೊಂಡು ಹೋಗುವ ಗಾರೆ ಕೆಲಸದವರಿಗೂ, ನಸುಕಿನ ಪೇಪರ್ ಹುಡುಗರಿಗೂ ಆ ಅನುಕೂಲವಿಲ್ಲ. ಬೈಗುಳದ ದೊಡ್ಡ ಪಾಲು ಬೀಳುವುದು ಅವರ ಮೇಲೆ, ಅವರು ಯಾವ ಪತ್ರಿಕೆಗೂ ಪತ್ರ ಬರೆಯುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬೆಳಿಗ್ಗೆ 6ಕ್ಕೆ ಸೈಕಲ್ ಅಭ್ಯಾಸಕ್ಕೆ ಹೋಗುವ ಯುವತಿ ನಾನು. ಬೈಕಿನಲ್ಲಿ ಇಬ್ಬರು ಪಕ್ಕಕ್ಕೆ ಬಂದು ಅಸಹ್ಯವಾಗಿ ಮಾತಾಡುತ್ತಾ ಸ್ವಲ್ಪ ದೂರ ಹಿಂಬಾಲಿಸಿದರು; ಹಿಂದೆ ಕೂತವನು ಬೆನ್ನಿಗೆ ಹೊಡೆದು ಹೋದ. ಗಾಬರಿಯಲ್ಲಿ ನಂಬರ್ ಪೂರ್ತಿ ನೋಡಲಾಗಲಿಲ್ಲ. ಮನೆಯವರು ಸೈಕಲ್ ಬಿಡು ಎನ್ನುತ್ತಿದ್ದಾರೆ.

ಉತ್ತರ: ಮೇಲೆ ನಾನು ಹೇಳಿದ ‘ಬಾಯಿಯದನ್ನು ಬಿಡಿ’ ಎಂಬ ಮಾತು ನಿಮಗೆ ಅನ್ವಯಿಸುವುದಿಲ್ಲ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು ಮತ್ತು ಸನ್ನೆ ನ್ಯಾಯ ಸಂಹಿತೆಯ 79ನೇ ಕಲಮಿನಡಿ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆಯಿದೆ. ಅದೇ ಉದ್ದೇಶದಿಂದ ಮೈಮೇಲೆ ಕೈಹಾಕಿದರೆ 74ನೇ ಕಲಂ. ಅದರಲ್ಲಿ ಕನಿಷ್ಠವೇ ಒಂದು ವರ್ಷ, ಗರಿಷ್ಠ ಐದು. ‘ಹೊಡೆದದ್ದು ಬೆನ್ನಿಗಲ್ಲವೇ’ ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ಈ ಕಲಮನ್ನು ಹೆಸರಿಸಿ ಹೇಳಿ. ಘಟನೆ ನಡೆದದ್ದು ಬೇರೆ ಠಾಣೆಯ ಸರಹದ್ದಿನಲ್ಲಿ ಎಂಬ ಕಾರಣಕ್ಕೆ ದೂರು ನಿರಾಕರಿಸುವಂತಿಲ್ಲ. ದೂರು, ತನಿಖೆಗಳ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ಕೊಡಬಹುದು. ವಿದ್ಯುನ್ಮಾನ ಮಾಧ್ಯಮದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದಾಖಲಿಸಲು ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಪೊಲೀಸ್ ವರಿಷ್ಠಾಧಿಕಾರಿಗೆ, ಹುಬ್ಬಳ್ಳಿಯಂಥ ಕಮಿಷನರೇಟ್ ಇರುವಲ್ಲಿ ಆ ಮಟ್ಟದ ಅಧಿಕಾರಿಗೆ, ಅಂಚೆಯಲ್ಲಿ ಕಳಿಸುವ ದಾರಿಯೂ ಅದೇ ಕಲಮಿನಲ್ಲಿದೆ.

ನಂಬರ್ ಪೂರ್ತಿ ಸಿಗದಿದ್ದರೂ ದೂರು ಕೊಡಿ. ಬೆಳಗಿನ 6ಕ್ಕೆ ರಸ್ತೆಯಲ್ಲಿ ವಾಹನ ಕಡಿಮೆ, ಅಂಗಡಿ ಮತ್ತು ಪೆಟ್ರೋಲ್ ಬಂಕುಗಳ ಕ್ಯಾಮೆರಾದಲ್ಲಿ ಒಂದು ಬೈಕು ಹುಡುಕುವುದು ಸಂಜೆಯ ಗದ್ದಲಕ್ಕಿಂತ ಸುಲಭ. ಆದರೆ ಆ ದೃಶ್ಯಗಳು ಕೆಲವೇ ದಿನ ಉಳಿಯುತ್ತವೆ, ಆದ್ದರಿಂದ ಇವತ್ತೇ ಹೋಗಿ. ಮುಂದಿನ ಸಲಕ್ಕೆ ಒಂದು ಅಭ್ಯಾಸ: ನಂಬರ್ ಪ್ಲೇಟನ್ನು ಕೊನೆಯಿಂದ ಓದಿ. ನಿಮ್ಮ ಕಡೆಯ ಗಾಡಿಯಾದರೆ ಬಹುಮಟ್ಟಿಗೆ ಕೆಎ 25 ಅಥವಾ ಕೆಎ 63 ಆಗಿರುತ್ತದೆ, ಅದನ್ನು ಓದುವುದರಲ್ಲಿ ಕಣ್ಣು ಕಳೆಯಬೇಡಿ. ಕೊನೆಯ ನಾಲ್ಕು ಅಂಕಿಗಳನ್ನು ಜೋರಾಗಿ ಮೂರು ಸಲ ಹೇಳಿಕೊಳ್ಳಿ. ಬಾಯಲ್ಲಿ ಹೇಳಿದ್ದು ಗಾಬರಿಯಲ್ಲೂ ಉಳಿಯುತ್ತದೆ. ಹಿಂಬಾಲಿಸುತ್ತಿದ್ದಾರೆ ಅನ್ನಿಸಿದ ಕ್ಷಣವೇ ಹಾಲಿನ ಬೂತೋ ಚಹಾದಂಗಡಿಯೋ ಕಂಡಲ್ಲಿ ನಿಂತು 112ಕ್ಕೆ ಕರೆ ಮಾಡಿ; ಖಾಲಿ ರಸ್ತೆಯಲ್ಲಿ ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳಲು ನೋಡಬೇಡಿ, ಬೈಕನ್ನು ಸೈಕಲ್ಲು ಮೀರುವುದಿಲ್ಲ. ಮನೆಯವರಿಗೆ ದೂರಿನ ಪ್ರತಿಯನ್ನು ತೋರಿಸಿ. ಸೈಕಲ್ ಬಿಡಬೇಕಾದವರು ನೀವಲ್ಲ.

ಪ್ರಶ್ನೆ: ನಿಮ್ಮ ಅಂಕಣ ಓದುವ ಕಾರು ಚಾಲಕ ನಾನು, ಹೊರವರ್ತುಲ ರಸ್ತೆಯಲ್ಲಿ ದಿನವೂ ಓಡಾಡುತ್ತೇನೆ. ಸೈಕಲ್ಲಿನವರು ಎದುರು ದಿಕ್ಕಿನಿಂದ ಬರುತ್ತಾರೆ, ರಾತ್ರಿ ದೀಪವಿರುವುದಿಲ್ಲ, ಎಡ ಅಂಚಿನಲ್ಲಿ ಹೋಗಿ ಎಂದರೆ ನಡುರಸ್ತೆಗೆ ಬರುತ್ತಾರೆ. ತಪ್ಪೆಲ್ಲ ನಮ್ಮದೇ ಎಂಬಂತೆ ಬರೆಯುತ್ತೀರಲ್ಲ?

ಉತ್ತರ: ಮೊದಲ ಎರಡು ದೂರುಗಳನ್ನು ತಲೆಬಾಗಿ ಒಪ್ಪುತ್ತೇನೆ. ಎದುರು ದಿಕ್ಕಿನ ಸವಾರಿಗೆ ನನ್ನಲ್ಲಿ ಯಾವ ಸಮರ್ಥನೆಯೂ ಇಲ್ಲ. ಹಿಂಬದಿಯ ಕೆಂಪು ದೀಪವಿಲ್ಲದೆ ರಾತ್ರಿ ಸೈಕಲ್ ಹತ್ತುವವರು ತಮ್ಮನ್ನಷ್ಟೇ ಅಲ್ಲ, ನಿಮ್ಮನ್ನೂ ಕಷ್ಟಕ್ಕೆ ಸಿಲುಕಿಸುತ್ತಾರೆ.

ಮೂರನೆಯದನ್ನು ಮಾತ್ರ ಒಪ್ಪಲಾರೆ. ಕಾರಿನೊಳಗಿಂದ ಎಡ ಅಂಚು ಖಾಲಿ ಕಾಣುತ್ತದೆ. ಸೈಕಲ್ಲಿನಿಂದ ನೋಡಿದರೆ ಅಲ್ಲಿ ಜಲ್ಲಿಪುಡಿ ಇರುತ್ತದೆ, ಚಕ್ರ ಸಿಕ್ಕಿಕೊಳ್ಳುವಷ್ಟು ಸಂದಿರುವ ಚರಂಡಿ ಜಾಲರಿ ಇರುತ್ತದೆ, ಡಾಂಬರಿನಿಂದ ನಾಲ್ಕು ಬೆರಳು ಕುಸಿದ ಅಂಚಿರುತ್ತದೆ, ನಿಂತ ಕಾರು ಯಾವ ಗಳಿಗೆಯಲ್ಲಾದರೂ ತೆರೆಯಬಹುದಾದ ಬಾಗಿಲಿರುತ್ತದೆ. ಆ ಬಾಗಿಲು ಪೂರ್ತಿ ತೆರೆದರೆ ಹೆಚ್ಚುಕಡಿಮೆ ಒಂದು ಮೀಟರ್ ಜಾಗ ಹೋಯಿತು. ಆ ಒಂದು ಮೀಟರನ್ನು ಬಿಟ್ಟು ಸಾಗುವವರನ್ನು ನೀವು ‘ನಡುರಸ್ತೆ’ಯಲ್ಲಿದ್ದಾರೆ ಎನ್ನುತ್ತಿದ್ದೀರಿ. ಅಂಚಿಗೆ ಅಂಟಿಕೊಂಡವರನ್ನು ಅದೇ ಸಾಲಿನಲ್ಲಿ ತೂರಿಸಿಕೊಂಡು ಹಿಂದಿಕ್ಕಬಹುದು ಎಂದು ಚಾಲಕರಿಗೆ ಅನ್ನಿಸುತ್ತದೆ, ಅಪಘಾತವಾಗುವುದು ಆ ತೂರಿಕೆಯಲ್ಲಿ. ಪಕ್ಕದಲ್ಲಿ ವೇಗವಾಗಿ ಹೋದ ಬಸ್ಸಿನ ಗಾಳಿ ಸೈಕಲ್ಲನ್ನು ಮೊದಲು ಹೊರಕ್ಕೆ ತಳ್ಳಿ ಆಮೇಲೆ ಒಳಕ್ಕೆ ಎಳೆಯುತ್ತದೆ. ಅದನ್ನು ಒಮ್ಮೆ ಅನುಭವಿಸಿದವರು ಅಂಚಿಗೆ ಹೋಗುವುದಿಲ್ಲ. ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ಮುದುಕರು ಇವರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕೆಂದು 2017ರ ಚಾಲನಾ ನಿಯಮಾವಳಿ ಹೇಳುವುದೂ ಈ ಕಾರಣಕ್ಕೆ.

ನಿಮಗಾಗುವ ನಷ್ಟವನ್ನೂ ಲೆಕ್ಕ ಹಾಕೋಣ. ಗಂಟೆಗೆ 18 ಕಿಲೋಮೀಟರ್ ವೇಗದ ಸೈಕಲ್ಲು ಸೆಕೆಂಡಿಗೆ 5 ಮೀಟರ್ ಸಾಗುತ್ತದೆ. ಹಿಂದಿಕ್ಕಲು ಜಾಗ ಸಿಗುವವರೆಗೆ ನೀವು 150 ಮೀಟರ್ ಅದರ ಹಿಂದೆ ಬಂದರೆ 30 ಸೆಕೆಂಡು ಹಿಡಿಯಿತು. ಸೈಕಲ್ಲೇ ಇಲ್ಲದೆ 36 ಕಿಲೋಮೀಟರ್ ವೇಗದಲ್ಲಿ ಹೋಗಿದ್ದರೆ 15 ಸೆಕೆಂಡು. ಉಳಿದ 15 ಸೆಕೆಂಡಿಗಾಗಿ ಹಾರ್ನ್ ಒತ್ತಿದವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಷ್ಟು ಹೊತ್ತು ಕೂರುತ್ತಾರೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ‘ಸೈಕಲ್ ಪಥಕ್ಕೆ ಹೋಗಿ’ ಎನ್ನುವುದಾದರೆ, 2020ರಲ್ಲಿ ನಿಮ್ಮ ಅದೇ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಒಂದು ಪಥ ಮಾಡಿದ್ದರು. ಆ ಗೂಟಗಳನ್ನು ಮುರಿದು ಒಳಗೆ ನುಗ್ಗಿದವು ಸೈಕಲ್ಲುಗಳಲ್ಲ.

ಪ್ರಶ್ನೆ: ಹೆಲ್ಮೆಟ್ಟಿಗೆ ಕ್ಯಾಮೆರಾ ಹಾಕಿಕೊಂಡರೆ ಪ್ರಯೋಜನವಿದೆಯೇ? (ಮಂಗಳೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಬೈಗುಳವನ್ನು ತಡೆಯಲು ಪ್ರಯೋಜನವಿಲ್ಲ, ಕೆಲವರು ಕ್ಯಾಮೆರಾ ಕಂಡರೆ ಇನ್ನಷ್ಟು ಕೆರಳುತ್ತಾರೆ. ದೂರು ಕೊಡಲು ಬಹಳ ಪ್ರಯೋಜನವಿದೆ. ಹಾಕುವುದಾದರೆ ಹಿಂದಕ್ಕೆ ನೋಡುವ ಒಂದನ್ನು ಸೀಟಿನ ಕೆಳಗೂ ಹಾಕಿ, ಏಕೆಂದರೆ ಸವರಿಕೊಂಡು ಹೋಗುವ ವಾಹನ ಬರುವುದು ಹಿಂದಿನಿಂದ. ದೃಶ್ಯವನ್ನು ಸಂಗೀತ ಸೇರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮೂಲ ಫೈಲನ್ನು ಅಳಿಸಿಬಿಡುವವರನ್ನು ನೋಡಿದ್ದೇನೆ, ಕತ್ತರಿಸಿದ ತುಣುಕನ್ನು ಯಾವ ತನಿಖಾಧಿಕಾರಿಯೂ ಮೆಚ್ಚುವುದಿಲ್ಲ. ಮೆಮೊರಿ ಕಾರ್ಡನ್ನು ತೆಗೆದು ಹಾಗೆಯೇ ಎತ್ತಿಡಿ, ಪ್ರತಿಯನ್ನು ಮಾತ್ರ ಠಾಣೆಗೆ ಕೊಡಿ. ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕಾಗುತ್ತದೆ, ಅದರ ನಮೂನೆ ಅಧಿನಿಯಮದ ಕೊನೆಯಲ್ಲೇ ಇದೆ. ಕ್ಯಾಮೆರಾದ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡಿಕೊಳ್ಳಿ. ನನ್ನದು ಒಮ್ಮೆ ಐದೂವರೆ ಗಂಟೆ ಹಿಂದೆ ಇತ್ತು, ಮಧ್ಯಾಹ್ನದ ಬಿಸಿಲಿನಲ್ಲಿ ನಡೆದ ಘಟನೆಗೆ ಬೆಳಗಿನ ಏಳರ ಮುದ್ರೆ ಬಿದ್ದಿತ್ತು.