ತೀರ್ಥಹಳ್ಳಿಯ ಮನೆಯಲ್ಲಿ ಕೂತು ಸುಮ್ನೆ ಡಾರ್ಕ್ ವೆಬ್ ನೋಡಿದರೂ ಅಪಾಯವೇ?

ಡಾರ್ಕ್ ವೆಬ್ ಅಂದರೆ ಗೂಗಲ್‌ನಲ್ಲಿ ಹುಡುಕಿದರೆ ಸಿಗದ, ಟಾರ್‌ನಂಥ ವಿಶೇಷ ಬ್ರೌಸರ್‌ನಲ್ಲಷ್ಟೇ ತೆರೆಯುವ ಸೈಟ್‌ಗಳು. ಬರೀ ನೋಡಿದ್ದಕ್ಕೇ ಫೋನ್ ಹಾಳಾಗುವುದು ಅಪರೂಪ. ಅಲ್ಲಿ ಏನು ಒತ್ತುತ್ತೀರಿ, ಏನು ಡೌನ್‌ಲೋಡ್ ಮಾಡುತ್ತೀರಿ, ಯಾರಿಗೆ ದುಡ್ಡು ಕಳಿಸುತ್ತೀರಿ ಅನ್ನುವುದರಲ್ಲೇ ಅಪಾಯ ಜಾಸ್ತಿ.

ಕಾರಣ ಇಷ್ಟೇ. ಟಾರ್ ಬ್ರೌಸರ್ ನಿಮ್ಮ ಸಂಪರ್ಕವನ್ನು ಬೇರೆ ಬೇರೆ ಕಂಪ್ಯೂಟರ್‌ಗಳ ಮೂಲಕ ಸುತ್ತಿಸಿ ಕಳಿಸುತ್ತದೆ. ನೀವು ತೀರ್ಥಹಳ್ಳಿಯವರೋ ಸಾಗರದವರೋ ಆ ಕಡೆಯವರಿಗೆ ಗೊತ್ತಾಗುವುದಿಲ್ಲ. ಆದರೆ ಸೈಟ್ ನಡೆಸುವವನು ಯಾರೆಂದು ನಿಮಗೂ ಗೊತ್ತಾಗುವುದಿಲ್ಲ, ಅಲ್ವಾ? ಮೋಸಗಾರರಿಗೆ ಬೇಕಾಗಿರುವುದು ಅದೇ.

ಅಲ್ಲಿನ ವಿಳಾಸಗಳನ್ನೇ ನೋಡಿ. ಅರ್ಥವಿಲ್ಲದ 56 ಅಕ್ಷರ, ಅಂಕಿಗಳ ಸಾಲು, ಕೊನೆಗೆ ಡಾಟ್ ಆನಿಯನ್. ಅಷ್ಟುದ್ದ ಯಾರೂ ಓದುವುದಿಲ್ಲ, ಮೊದಲ ಐದಾರು ಅಕ್ಷರ ಸರಿಯಿದ್ದರೆ ಸಾಕು ಅನ್ನಿಸುತ್ತದೆ. ಆ ಐದಾರು ಅಕ್ಷರ ಹೊಂದುವ ಹಾಗೆ ನಕಲಿ ಸೈಟ್ ಮಾಡುವುದು ಕಷ್ಟವಲ್ಲ. ಅಲ್ಲಿ ಪಾಸ್‌ವರ್ಡ್ ಹಾಕಿದರೆ ಕಳ್ಳನ ಕೈಗೇ ಕೊಟ್ಟಂತೆ. ಬಿಟ್‌ಕಾಯಿನ್ ಕಳಿಸಿದ್ದಂತೂ ವಾಪಸ್ ಬರುವುದಿಲ್ಲ.

ಇನ್ನೊಂದು ಮಾತು. ಡೌನ್‌ಲೋಡ್ ಮಾಡಿದ ಫೈಲನ್ನು ಬೇರೆ ಆ್ಯಪ್‌ನಲ್ಲಿ ತೆರೆದರೆ ಅದು ಟಾರ್ ಬಿಟ್ಟು ನೇರವಾಗಿ ಇಂಟರ್ನೆಟ್ ಮುಟ್ಟಬಹುದು. ಆಗ ನಿಮ್ಮ ಗುರುತು ಬಯಲು. ಫೈಲ್‌ನಲ್ಲಿ ವೈರಸ್ ಇದ್ದರೆ ಟಾರ್ ತಡೆಯುವುದಿಲ್ಲ.

ನಮ್ಮಲ್ಲಿ ಟಾರ್ ಬಳಸುವುದೇ ಅಪರಾಧವಲ್ಲ. ಆದರೆ ಮಕ್ಕಳ ಲೈಂಗಿಕ ಚಿತ್ರಗಳನ್ನು ಹುಡುಕುವುದು, ನೋಡುವುದು ಕೂಡ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ‘ಸುಮ್ನೆ ನೋಡಿದೆ’ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ದುಡ್ಡು ಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.